ಬಂಡೆಯ ಮೇಲಿನ ಹಿಕ್ಕೆ

ಗುರುವಾರ, ಮಾರ್ಚ್ ೧೨

ಆ ಸಹಿ ಇನ್ನೂ ಚುಚ್ಚುತ್ತಿದೆ. ಅಳಿವೆಯ ನೀರು ಶುದ್ಧವಾಗಿದೆ ಎಂಬ ವರದಿಗೆ ಶನಿವಾರ ಪ್ರಯೋಗಾಲಯದಲ್ಲಿ ಸಹಿ ಹಾಕಿದವಳು ನಾನೇ. ಹದಿನಾಲ್ಕು ವರ್ಷದಿಂದ ಉಬ್ಬರದ ಹೊತ್ತು ನೋಡಿಕೊಂಡೇ ಬಾಟಲಿ ತುಂಬಿಸಿಕೊಂಡು ಬರುತ್ತೇನೆ. ಆಗ ನೀರು ಮೆಟ್ಟಿಲವರೆಗೂ ಬಂದಿರುತ್ತದೆ, ಕೆಸರಿಗೆ ಇಳಿಯುವ ರಗಳೆಯಿಲ್ಲ.

ಮಗಳು ಮತ್ತು ಅವಳ ತರಗತಿಯ ಮಕ್ಕಳು ದಿನಾ ಶಾಲೆ ಬಿಟ್ಟ ಮೇಲೆ ದಡದ ಬಂಡೆಯ ಮೇಲೆ ನೀರುನಾಯಿಗಳ ಹಿಕ್ಕೆ ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಾರೆ. ನನಗೆ ನಗು ಬರುತ್ತಿತ್ತು. ಹೋದ ಶುಕ್ರವಾರದಿಂದ ನಿನ್ನೆಯವರೆಗೆ ಬರೀ ಸೊನ್ನೆ.

"ಅವು ಈ ಕಡೆ ಬರ್ತಾನೇ ಇಲ್ಲಮ್ಮ. ನೀರು ಇಳಿದಾಗ ಒಂದ್ಸಲ ಬಂದು ನೋಡು" ಅಂದಳು.

ಸೋಮವಾರ ಮೊಣಕಾಲುದ್ದ ಕೆಸರಿಗಿಳಿದೆ. ದೋಣಿ ರಿಪೇರಿ ಶೆಡ್ಡಿನ ಕೊಳವೆ ಬಿರುಕುಬಿಟ್ಟು ಹಳೆ ಎಣ್ಣೆ ಸೋರುತ್ತಿತ್ತು. ಉಬ್ಬರದಲ್ಲಿ ಸಮುದ್ರದ ನೀರು ನುಗ್ಗಿ ಅದನ್ನು ದೂರ ತಳ್ಳಿಬಿಡುತ್ತದೆ, ನನ್ನ ಬಾಟಲಿಗೆ ಸಿಕ್ಕುವುದಾದರೂ ಹೇಗೆ? ಶೆಡ್ಡಿನ ಮೇಸ್ತ್ರಿ ಮುಖ ಸಣ್ಣದು ಮಾಡಿಕೊಂಡು ಅಂದೇ ಕೊಳವೆ ಬದಲಿಸಿದ. ನಾನೂ ಅದೇ ಮುಖ ಹೊತ್ತು, ವರದಿ ತಪ್ಪೆಂದು ಮೇಲಧಿಕಾರಿಗೆ ಬರೆದುಕೊಟ್ಟೆ. ಸದ್ಯ, ಎಣ್ಣೆ ಚಿಪ್ಪುಮೀನು ಬೆಳೆಯುವ ಜಾಗ ಮುಟ್ಟಿರಲಿಲ್ಲ.

ಇವತ್ತು ಸಂಜೆ ಮಗಳು ಏದುಸಿರು ಬಿಡುತ್ತಾ ಬಂದಳು.

"ಎರಡು ಗುಡ್ಡೆ ಅಮ್ಮ. ಇನ್ನೂ ಹಸಿ."

ಓಡಿದೆ. ಕಪ್ಪಗೆ, ಮೀನಿನ ಮುಳ್ಳು ತುಂಬಿಕೊಂಡು ಬಿದ್ದಿದ್ದವು. ಮೂಗು ಮುಚ್ಚಿಕೊಂಡು ನಿಂತರೂ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಿಕ್ಕೆ ನೋಡಿ ಕಣ್ಣು ತುಂಬಿಕೊಂಡವಳು ನಾನೊಬ್ಬಳೇ ಇರಬೇಕು.

ಮಗಳು ಪುಸ್ತಕ ಮುಂದೆ ಹಿಡಿದಳು. "ನೋಡಿದೀಯಲ್ಲ, ನೀನೂ ಸಹಿ ಹಾಕು."

ಇನ್ನೊಮ್ಮೆ ಬಗ್ಗಿ ನೋಡಿ, ಎಣಿಸಿ, ಆಮೇಲೆ ಹಾಕಿದೆ.