ಅಪ್ಪಾಜಿ ಒಪ್ಪದ ಸರ್ವರ್

ಡಬ್ಬಿಯನ್ನು ಡಬ್ಬಿ ಎಂದೇ ಕರೆದ ನನ್ನ ಅಪ್ಪಾಜಿಗೆ,

ಔರಂಗಾಬಾದಿನ ನಿಮ್ಮ ಬ್ಯಾಂಕಿನಲ್ಲಿ ನೀವು ನೋಡಿಕೊಳ್ಳುತ್ತಿದ್ದ ಸರ್ವರ್ ಕೋಣೆ ನೆನಪಾಯಿತು. ಕಾಲೇಜಿನಿಂದ ಬಂದ ನನ್ನನ್ನು ಒಳಗೆ ಕರೆಯುವ ಮುಂಚೆ ಬಾಗಿಲಲ್ಲೇ ಚಪ್ಪಲಿ ಬಿಡಿಸುತ್ತಿದ್ದಿರಿ. ಧೂಳಿನ ನೆಪ ಹೇಳುತ್ತಿದ್ದಿರಿ, ಆದರೆ ಅದು ಬರೀ ಧೂಳಿನ ಮಾತಾಗಿತ್ತೇ? ಮ್ಯಾನೇಜರರ ಎದುರಿಗೂ ನೀವು ಅಷ್ಟು ವಿನಯದಿಂದ ನಿಂತವರಲ್ಲ.

ಮುಂದೆ ನಾಸಿಕದ ನಮ್ಮ ಮನೆಗೆ ನಾನು ಆ ಪುಟ್ಟ ಸ್ಟೋರೇಜ್ ಪೆಟ್ಟಿಗೆ ತಂದೆ. ಒಳಗೆ ಎರಡು ಡಿಸ್ಕು. ಮನೆಯ ಫೋಟೋಗಳನ್ನೆಲ್ಲ ಅದರಲ್ಲಿಟ್ಟರೆ ಯಾವ ಊರಿನಿಂದಲಾದರೂ ಮೊಬೈಲಿನಲ್ಲಿ ತೆರೆಯಬಹುದು. ನಮ್ಮ ಮನೆಗೂ ಸರ್ವರ್ ಬಂತೆಂದು ಜಂಬ ಕೊಚ್ಚಿಕೊಂಡೆ. ನೀವು ಬಂದವರೇ ಮಾಡಿದ್ದೇನು? ಅದರ ಪ್ಲಗ್ ಕಿತ್ತು ನಿಮ್ಮ ಮೊಬೈಲ್ ಚಾರ್ಜಿಗೆ ಹಚ್ಚಿದಿರಿ. ಸಂಜೆಯವರೆಗೆ ಯಾರಿಗೂ ಗೊತ್ತೇ ಆಗಲಿಲ್ಲ. ನಾನು ಸಿಟ್ಟಾದರೆ, ತಪ್ಪೊಪ್ಪಿಕೊಳ್ಳುವ ಬದಲು ತೀರ್ಪು ಕೊಟ್ಟಿರಿ.

"ಬಂದ್ ಆದ್ರ ನಾಕ್ ಮಂದಿ ಬೈಬೇಕವ್ವಾ, ಅದಕ್ಕ ಸರ್ವರ್ ಅಂತಾರ. ಇದು ಡಬ್ಬಿ."

ನನಗೆಷ್ಟು ಕೆಡುಕೆನಿಸಿತ್ತು, ಗೊತ್ತೇ? ನಿಮ್ಮ ಬಾಯಿಂದ ಒಮ್ಮೆಯಾದರೂ ಅದನ್ನು ಸರ್ವರ್ ಅನ್ನಿಸಲೇಬೇಕೆಂದು ಹಟ ಹಿಡಿದೆ. ಅಷ್ಟರಲ್ಲಿ ನೀವು...

ನೀವು ಬಂದಿದ್ದ ಆ ಸಲವೇ ನನ್ನ ಮಗಳು ಮುಕ್ತಾ ನಿಮ್ಮಿಂದ ನಿಮ್ಮೂರು ಭಾಲ್ಕಿಯ ಕತೆಗಳನ್ನು ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ನಾಲಿಗೆ ಮಾತ್ರ ಮರಾಠಿಗೇ ಹೊರಳುತ್ತದೆ. ನೀವು ತೀರಿಕೊಂಡ ಮೇಲೆ ಆ ಕತೆಗಳನ್ನು ಡಬ್ಬಿಗೆ ಹಾಕಿ, ನಮ್ಮವರಿಗೆಲ್ಲ ಪಾಸ್‌ವರ್ಡ್ ಕೊಟ್ಟೆ.

ಹೋದ ಭಾನುವಾರ ಧೂಳು ಒರೆಸಲು ಅದನ್ನು ಬಂದ್ ಮಾಡಿದವಳು ಮತ್ತೆ ಹಚ್ಚಲು ಮರೆತೆ. ಮೊದಲು ಔರಂಗಾಬಾದಿನಿಂದ ಅವ್ವನ ಫೋನು. ಊಟದ ಹೊತ್ತಿಗೆ ನಿಮ್ಮ ದನಿ ಕೇಳದಿದ್ದರೆ ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಆಮೇಲೆ ಬೀದರಿನ ಕಾಕಾ. ಆಮೇಲೆ ಪುಣೆಯಿಂದ ತಮ್ಮ, ಅವನಂತೂ ಹೊಟ್ಟೆ ತುಂಬ ಬೈದ. ಬೈಸಿಕೊಳ್ಳುತ್ತ ನಾನು ನಗುತ್ತಿದ್ದೆ, ಕಣ್ಣೂ ಒರೆಸಿಕೊಳ್ಳುತ್ತಿದ್ದೆ. ಮೂರಾಯಿತು, ಇನ್ನೊಂದು ಬೇಕಲ್ಲ ಎಂದುಕೊಳ್ಳುವಷ್ಟರಲ್ಲಿ ಮುಕ್ತಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತಳು. ತಡವರಿಸುತ್ತ ಕನ್ನಡದಲ್ಲೇ ಕೇಳಿದಳು.

"ಮಮ್ಮಿ, ಅಜ್ಜಾನ ಆವಾಜ್ ಯಾಕ ಬಂದ್ ಮಾಡಿದಿ?"

ನಾಲ್ಕು ಮಂದಿ ಆದರು, ಅಪ್ಪಾಜಿ. ಈಗಲಾದರೂ ಒಪ್ಪುತ್ತೀರಾ? ನಿಮ್ಮ ಹಟ ನನಗೆ ಗೊತ್ತಿಲ್ಲವೇ... ಇರಲಿ. ಡಬ್ಬಿ ಇಟ್ಟಿರುವ ಕೋಣೆಗೆ ಹೋಗುವಾಗ ನಾನೂ ಮುಕ್ತಾಳೂ ಮನೆಯೊಳಗೆ ಹಾಕುವ ಚಪ್ಪಲಿಯನ್ನೂ ಈಗ ಬಾಗಿಲಲ್ಲೇ ಬಿಡುತ್ತೇವೆ.

ನಿಮ್ಮ ಮಗಳು,
ಶೈಲಾ