ದುಭಾಷಿಯ ಕೆಲಸ

ಕ್ವೆಟ್ಸಾಲ್ತೆನಾಂಗೊ, ಗ್ವಾಟೆಮಾಲಾ
೧೬ ಜುಲೈ ೨೦೨೪

ಪ್ರೀತಿಯ ಪಂಪಾವತಿ,

ಚೋರನೂರಿನ್ಯಾಗ ನೀವೆಲ್ಲಾ ಆರಾಮ ಇದ್ದೀರಿ ಅಂದ್ಕೊಂಡೀನಿ. ಎರಡು ತಿಂಗಳಿಂದ ನಿನ್ನ ಫೋನ್ ಎತ್ತಿಲ್ಲ, ಸಿಟ್ಟಾಗಬ್ಯಾಡ. ಮಾತಾಡಿದ್ರ ಸುಳ್ಳು ಹೇಳಬೇಕಾಗ್ತಿತ್ತು. ಅದಕ್ಕ ಈ ಕಾಗದ.

ಇಲ್ಲಿ ಸ್ಪ್ಯಾನಿಷ್ ಸಾಲಿ ಭಾಳ ಛಲೋ ಅದ. ಮುಂಜಾನೆ ಪಾಠ, ಮಧ್ಯಾಹ್ನ ಹಳ್ಳಿಗೆ ಕರ್ಕೊಂಡು ಹೋಗಿ ಅಲ್ಲಿ ಮಂದಿ ಕಷ್ಟಸುಖ ಕೇಳಸ್ತಾರ. ನಾನಿರೂ ಮನಿ ಅಜ್ಜಿ ಮೂರು ಹೊತ್ತೂ ಮೆಕ್ಕೆಜೋಳದ ರೊಟ್ಟಿ ಬಡದು, "ಇನ್ನೊಂದು ತಿನ್ನು" ಅಂತಾಳ.

ಹಂಪಿ ಗೈಡ್ ಕೆಲಸಕ್ಕ ಕಲೀತೀನಿ ಅಂತ ನಿನಗ ಹೇಳಿದ್ದೆ, ಇಲ್ಲಿ ಸಾಲಿಯವರಿಗೂ ಹೇಳಿದ್ದೆ. ಖರೇ ಅಂದ್ರ, ನನ್ನ ಕಳಿಸಿದ್ದು ಗಣಿ ಕಂಪನಿ. ಪೆರು ದೇಶದಾಗ ಅವರು ಗಣಿ ತೊಗೊಂಡಾರ. ಅಲ್ಲಿ ರೈತರಿಗೆ ತಿಳಿಸಿ ಹೇಳಿ ಹೊಲ ಬಿಡಸಲಿಕ್ಕೆ ನಾನು ದುಭಾಷಿ. ಎರಡು ವರ್ಷ ಕೆಲಸ ಬಿಡೂಹಂಗಿಲ್ಲ ಅಂತ ಬರಕೊಟ್ಟೀನಿ. ಅದೇ ಕಂಪನ್ಯಾಗ ದುಡಿದ ಅಪ್ಪ ಜಾಮೀನು ನಿಂತಾರ. ವಾಪಸ್ ಟಿಕೆಟ್ಟೂ ಕಂಪನಿ ಕೈಯಾಗ.

ಹೋದ ವಾರ ಒಂದು ಗಣಿ ಕೆಳಗಿನ ಹಳ್ಳಿಗೆ ಹೋಗಿದ್ವಿ. ಒಬ್ಬಾಕಿ ಒಣಹಾಕಿದ ಬಟ್ಟಿ ಝಾಡಿಸಿ ಧೂಳ ತೋರ್ಸಿದ್ಲು. ನಾನೂ ಗಣಿ ಇರೂ ಸಂಡೂರು ಕಡೆಯಾಕಿ ಅಂತ ತಿಳಿದು, ಕೈ ಹಿಡಿದು, "ನಿಮ್ಮೂರಾಗ ಮಂದಿ ಏನು ಮಾಡಿದ್ರವ್ವಾ?" ಅಂತ ಕೇಳಿದ್ಲು. ಹೇಳಲಿಕ್ಕೆ ಶಬ್ದ ಗೊತ್ತಿದ್ವು. "ನನಗ ಭಾಷಾ ಬರೂದಿಲ್ಲ" ಅಂದೆ.

ನಿನ್ನೆ ತಡಕೊಳ್ಳಲಿಕ್ಕಾಗದ ನಮ್ಮ ಟೀಚರಿಗೆ ಎಲ್ಲಾ ಹೇಳಿದೆ. ಬೈಲಿಲ್ಲ.

"ಮುಂದೇನು ಮಾಡ್ತಿ?"

"ನನ್ನ ಕೈಯಾಗ ಏನೂ ಇಲ್ರಿ."

"ಬಾಯಿ? ಅದೂ ನಿಂದಲ್ಲೇನು?"

ಇವತ್ತು ಹೋದ್ರ, ಅವರು ಇನ್ನ ನನಗ ಕಲಸೂದಿಲ್ಲ ಅಂದಿದ್ರಂತ, ಬ್ಯಾರೆ ಟೀಚರ್ ಕೊಟ್ಟಿದ್ರು. ಅಪ್ಪಗ ಫೋನ್ ಮಾಡಿ, ಪೆರುಗೆ ಹೋಗೂದಿಲ್ಲ ಅಂದೆ. "ನನ್ನ ಮರ್ಯಾದಿ ನೋಡು ಮಾಧವಿ" ಅಂದು ಇಟ್ಟುಬಿಟ್ರು. ಹೊಸಪೇಟೆಯ ಕಂಪನಿ ಆಫೀಸಿನಿಂದ ಮೇಲ್ ಬಂದದ: ಒಂದನೇ ತಾರೀಖಿಗೆ ಪೆರುಗೆ ಹೊರಡಬೇಕು.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ವಿರೂಪಾಕ್ಷ ನಿಮ್ಮನ್ನ ಛಲೋ ಇಟ್ಟಿರಲಿ.

ನಿನ್ನ
ಮಾಧವಿ

ತಾ.ಕ.: ಮ್ಯಾಲೆ ಬರೀಲಿಕ್ಕೆ ಕೈ ಬರಲಿಲ್ಲ. ನಾವು ಪಿಯುಸಿ ಓದೂವಾಗ, ನಿಮ್ಮ ಹೊಲದ ಸಲುವಾಗಿ ಇದೇ ಕಂಪನಿ ಕೊಟ್ಟ ಇಂಗ್ಲಿಷ್ ಕಾಗದ ನಿಮ್ಮಪ್ಪಗ ಓದಿ ಹೇಳಿದಾಕಿ ನಾನು. ಹೊಲ ಮತ್ತ ನಿಮಗ ಸೇರೂದಿಲ್ಲ ಅನ್ನೂ ಸಾಲು ಅದರಾಗ ಇತ್ತು. ಬಾಜೂಕ ನಿಂತಿದ್ದ ನಮ್ಮಪ್ಪ ನನ್ನ ಮಾರಿ ನೋಡಿದ್ರು. ಆ ಸಾಲು ಬಿಟ್ಟು ಓದಿದೆ. "ನಮ್ಮ ಮಾಧವಿ ಓದ್ಯಾಳಂದ್ರ ಸಾಕು" ಅಂತ ನಿಮ್ಮಪ್ಪ, ಗಾದಿಲಿಂಗಪ್ಪ ಕಾಕಾ, ಹೆಬ್ಬೆಟ್ಟು ಒತ್ತಿದ್ರು. ಈ ಪತ್ರ ಅವರಿಗೆ ಓದಿ ಹೇಳು. ಒಂದು ಸಾಲೂ ಬಿಡಬ್ಯಾಡ.