ಹತ್ತನೆಯ ಜಾಗ

ಬಂದರು ರಸ್ತೆ, ಮಹಡಿ ಮನೆ
ಮಂಗಳವಾರ, ಮಾರ್ಚ್ 11

ಪ್ರೀತಿಯ ಅಪ್ಪ,

ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ಬೆಳಗಿನ ಮಾತ್ರೆ ತಿಂಡಿಯ ನಂತರ, ಸಂಜೆಯದು ಊಟಕ್ಕೆ ಮುಂಚೆ. ತಿರುವುಮುರುವು ಮಾಡಿಕೊಳ್ಳಬೇಡಿ. ಫೋನ್ ಮಾಡಿದರೆ ತಮ್ಮ ‘ಅಪ್ಪ ಆರಾಮಾಗಿದಾರೆ ಅಕ್ಕ’ ಎಂದು ಒಂದೇ ಪಾಠ ಒಪ್ಪಿಸುತ್ತಾನೆ. ನಿಮ್ಮ ಕೈಗೆ ಕೊಡು ಎಂದರೆ ನೀವು ಬೇಕೆಂದೇ ಆ ಕಿವುಡು ಎಡಗಿವಿಗೆ ಫೋನ್ ಹಿಡಿದು ‘ಹ್ಞಾಂ, ಹ್ಞಾಂ, ಸರಿ’ ಎಂದು ಇಟ್ಟುಬಿಡುತ್ತೀರಿ. ಬಲಗಿವಿ ಚೆನ್ನಾಗಿಯೇ ಕೇಳಿಸುತ್ತದೆ ಎಂಬುದು ನನಗೆ ಗೊತ್ತಿಲ್ಲವೇ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿಮ್ಮ ಕಳೆದ ಕಾಗದ ತಲುಪಿತು. ಎರಡೇ ಸಾಲು: ಕ್ಷೇಮ, ಇಲ್ಲಿ ಧೂಳು ಜಾಸ್ತಿ. ಈ ಹದಿನಾಲ್ಕು ತಿಂಗಳಲ್ಲಿ ನೀವು ಬರೆದದ್ದನ್ನೆಲ್ಲ ಒಟ್ಟು ಸೇರಿಸಿದರೂ ಒಂದು ಪುಟ ತುಂಬುವುದಿಲ್ಲ. ಇರಲಿ, ನನ್ನ ಕಾಗದ ಉದ್ದವಾಗಿದೆ. ಒಂದೇ ಉಸಿರಿಗೆ ಓದಬೇಕಾಗಿಲ್ಲ, ಆದರೆ ಕೊನೆಯವರೆಗೂ ಓದಿ.

ಇಲ್ಲಿ ಬಿಸಿಲು ಚುರುಗುಟ್ಟುತ್ತಿದೆ. ಬಟ್ಟೆ ಒಣಹಾಕಿ ಕೆಳಗಿಳಿಯುವಷ್ಟರಲ್ಲಿ ಒಣಗಿರುತ್ತದೆ. ಬಂದರಿನಲ್ಲಿ ನಿಮ್ಮ ಕ್ರೇನಿಗೆ ಹಳದಿ ಬಣ್ಣ ಹೊಡೆದಿದ್ದಾರೆ. ಈಗ ಅದನ್ನು ನಡೆಸುವವಳು ಒಬ್ಬ ಹೆಂಗಸು. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡೇ ಏಣಿ ಹತ್ತುತ್ತಾಳೆ. ಮೊನ್ನೆ ಅವಳನ್ನು ನೋಡಿ ಸಂತೋಷವೂ ಆಯಿತು, ಸಿಟ್ಟೂ ಬಂತು. ಇಪ್ಪತ್ತಾರು ವರ್ಷ ಆ ಎಂಜಿನ್ನಿನ ಪಕ್ಕದಲ್ಲಿ ನಿಮ್ಮನ್ನು ಕೂರಿಸಿದವರಿಗೆ ಒಂದು ಜೊತೆ ಮುಚ್ಚಳ ಕೊಡುವ ಬುದ್ಧಿ ಬರಲಿಲ್ಲವಲ್ಲ.

ಈಗ ನನ್ನ ಕೆಲಸದ ವಿಷಯ. ಹಡಗುಕಟ್ಟೆಯ ಎದುರಿನ ನಮ್ಮ ಮಾಹಿತಿ ಕೇಂದ್ರ ನಿಮಗೆ ಗೊತ್ತೇ ಇದೆ. ಮೂರು ಕಡೆ ಗಾಜು, ಒಂದು ಫ್ಯಾನು, ನಾನು. ಹೊರಗಿನಿಂದ ಬಂದವರು ದಿನವಿಡೀ ಬೆವರೊರೆಸಿಕೊಳ್ಳುತ್ತಾ ಬಂದು ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ಏನೇನು ನೋಡಬಹುದು, ಏನೇನು ಮಾಡಬಹುದು? ಅವರಿಗೆ ಕೊಡುವ ಕರಪತ್ರವನ್ನು ವರ್ಷಕ್ಕೊಮ್ಮೆ ಬರೆಯುವವಳು ನಾನೇ. ಹತ್ತು ಜಾಗ, ಒಂದೊಂದಕ್ಕೂ ನಾಲ್ಕು ಕಾಲಮ್ಮು: ಏನು, ಎಷ್ಟು ಹೊತ್ತು, ಪ್ರವೇಶ, ಗಮನಿಸಿ. ಬೆಳಗ್ಗೆ ಆರಕ್ಕೆ ಮೀನಿನ ಹರಾಜು, ಗಮನಿಸಿ, ಒಳ್ಳೆಯ ಚಪ್ಪಲಿ ಬೇಡ. ಗಾಜಿನ ತಳದ ದೋಣಿ, ಮುಕ್ಕಾಲು ಗಂಟೆ. (ಅದರಲ್ಲಿ ಕಾಣುವುದು ಪಾಚಿ ಮತ್ತು ಯಾರೋ ಬೀಳಿಸಿದ ಒಂದು ಬಕೆಟ್ಟು ಎಂದು ನಾನು ಬರೆಯುವುದಿಲ್ಲ.) ಚಿಪ್ಪುಗಳ ಸಂಗ್ರಹಾಲಯ, ಬಾಡಿಗೆ ಸೈಕಲ್ಲು, ಬಣ್ಣದ ಬಾಗಿಲುಗಳ ಬೀದಿ. ನೀವು ಒಮ್ಮೆ ಇದನ್ನೆಲ್ಲ ಓದಿ ‘ಇಷ್ಟನ್ನ ನೋಡೋಕೆ ಅಷ್ಟು ದೂರದಿಂದ ಬರ್ತಾರಾ?’ ಎಂದು ಕೇಳಿದ್ದಿರಿ. ಬರುತ್ತಾರೆ ಅಪ್ಪ. ಬಂದವರು ಆ ಕರಪತ್ರವನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಾರೆ. ನೀಲಿ ಅಂಗಿ ಬೇಡ ಎಂದು ಬರೆದರೆ ಹೋಟೆಲಿಗೆ ವಾಪಸು ಹೋಗಿ ಬದಲಾಯಿಸಿಕೊಂಡು ಬರುವಂಥವರು.

ಡಿಸೆಂಬರಿನಲ್ಲಿ ಕರಪತ್ರ ಅಚ್ಚಿಗೆ ಹೋಗುವ ದಿನವೇ ದೀಪಸ್ತಂಭದ ಒಳಮೆಟ್ಟಿಲು ಬಿರುಕು ಬಿಟ್ಟಿದೆ, ಒಂದು ವರ್ಷ ಮುಚ್ಚುತ್ತೇವೆ ಎಂದು ಪತ್ರ ಬಂತು. ಅಲ್ಲಿಗೆ ನನ್ನ ಹತ್ತು ಒಂಬತ್ತಾಯಿತು. ಅಚ್ಚಿನವನು ಬಾಗಿಲಲ್ಲೇ ನಿಂತು ‘ಒಂಬತ್ತು ಅಂತ ಹಾಕ್ಲಾ ಮೇಡಂ?’ ಎನ್ನುತ್ತಿದ್ದ. ಹಿಂದಿನ ಕಚೇರಿಯಿಂದ ಸಾಹೇಬರು, ‘ಒಂಬತ್ತಾ? ಊರಲ್ಲಿ ಏನೋ ಕಳ್ಳತನ ಆಗಿದೆ ಅನ್ಕೋತಾರೆ. ಇನ್ನೊಂದು ಹುಡುಕಿ’ ಎಂದರು. ಹತ್ತು ನಿಮಿಷ ತಲೆ ಕೆರೆದುಕೊಂಡೆ. ಏನೂ ಹೊಳೆಯಲಿಲ್ಲ. ಆಮೇಲೆ ಕೈ ತಾನಾಗಿ ಬರೆಯಿತು ಎಂದರೆ ನೀವು ನಂಬುವುದಿಲ್ಲ, ನಾನೂ ಹಾಗೆ ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಗೊತ್ತಿದ್ದೇ ಬರೆದೆ. ಹಳೇ ಐಸ್ ಕಾರ್ಖಾನೆಯ ಹಿಂದಿನ ಮೆಟ್ಟಿಲುಗಳು. ಮೇಲಿನಿಂದ ನಾಲ್ಕನೆಯದರಲ್ಲಿ ಕೂರಿ, ಅಲೆ ಅಲ್ಲಿಗೆ ಬರುವುದಿಲ್ಲ. ಸಂಜೆ ಐದೂವರೆಯಿಂದ ಮುಕ್ಕಾಲು ಗಂಟೆ. ಪ್ರವೇಶ ಉಚಿತ. ಅಲ್ಲಿ ನೋಡುವುದಕ್ಕೆ ಸಮುದ್ರ ಬಿಟ್ಟರೆ ಏನೂ ಇಲ್ಲ. ಜೊತೆಗೊಬ್ಬರನ್ನು ಕರೆದುಕೊಂಡು ಬನ್ನಿ, ಮಾತಾಡಲೇಬೇಕೆಂದಿಲ್ಲ.

ಹೌದು ಅಪ್ಪ, ನಿಮ್ಮ ಮೆಟ್ಟಿಲೇ. ನೀವೂ ಅಮ್ಮನೂ ದಿನಾ ಸಂಜೆ ಎಲ್ಲಿಗೆ ಹೋಗುತ್ತೀರೆಂದು ನಮಗೆ ಯಾವತ್ತೂ ಹೇಳಲಿಲ್ಲ. ‘ಇಲ್ಲೇ ಹೋಗಿ ಬರ್ತೀವಿ’ ಎಂದರೆ ಮುಗಿಯಿತು. ನನಗೆ ಹದಿಮೂರು ವರ್ಷವಿದ್ದಾಗ ಕುತೂಹಲ ತಡೆಯಲಾರದೆ ಒಂದು ದಿನ ಹಿಂದೆಯೇ ಬಂದೆ. ಏನೋ ಗುಟ್ಟಿದೆ ಅಂದುಕೊಂಡಿದ್ದವಳಿಗೆ ಕಂಡದ್ದು ಇಬ್ಬರು ಸುಮ್ಮನೆ ಕೂತಿರುವುದು. ದಿನವಿಡೀ ಹೋಟೆಲಿನ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಮಾಡಿದ ಅಮ್ಮ ಕಾಲು ನೀಡಿಕೊಂಡಿದ್ದಳು. ದಿನವಿಡೀ ಕ್ರೇನಿನ ಗೂಡಿನಲ್ಲಿ ಒಬ್ಬರೇ ಇದ್ದು ಬಂದ ನೀವು ಅವಳ ಪಕ್ಕಕ್ಕೆ ಒತ್ತಿಕೊಂಡು, ಎಡಗಡೆಯ ಗೋಡೆಗೆ ಆತು ಕೂತಿದ್ದಿರಿ. ಕಿವುಡು ಕಿವಿ ಗೋಡೆಗೆ, ಕೇಳುವ ಕಿವಿ ಅಮ್ಮನಿಗೆ. ಅವಳು ಒಂದೇ ಸಲ ‘ರೀ, ಕೇಳಿಸ್ತಾ?’ ಅಂದಳು, ನೀವು ತಲೆಯಾಡಿಸಿದಿರಿ. ಅವಳು ಏನು ಹೇಳಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೇಜಾರಾಗಿ ಮನೆಗೆ ಓಡಿದ್ದೆ. ಈಗ ನನಗೆ ನಲವತ್ತೊಂದು. ಬೇಜಾರು ಮಾಡಿಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ ಎಂದು ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಯಾರೂ ಹೋಗಲಿಕ್ಕಿಲ್ಲ ಎಂದುಕೊಂಡಿದ್ದೆ. ಈಗ ಸಂಜೆ ಐದೂವರೆಗೆ ಹೋಗಿ ನೋಡಿ, ಮೂವತ್ತು ನಲವತ್ತು ಜನ! ಕಾರ್ಖಾನೆಯ ಮೂಲೆಯಲ್ಲಿ ಐಸ್‌ಕ್ರೀಮಿನ ಗಾಡಿ ಬಂದಿದೆ, ಟೋಪಿ ಮಾರುವವನು ಬಂದಿದ್ದಾನೆ. ತಮಾಷೆಯೆಂದರೆ ಯಾರೂ ಜೋರಾಗಿ ಮಾತಾಡುವುದಿಲ್ಲ. ಟೋಪಿಯವನೂ ಪಿಸುದನಿಯಲ್ಲೇ ವ್ಯಾಪಾರ ಮಾಡುತ್ತಾನೆ. ಒಬ್ಬ ದಪ್ಪ ಮನುಷ್ಯ ಮಾತ್ರ ನನ್ನ ಕಿಟಕಿಗೆ ಬಂದು ‘ಅಲ್ಲಿ ಏನೂ ಇಲ್ವಲ್ರೀ!’ ಎಂದು ಜಗಳ ತೆಗೆದ. ಬೆರಳಿಟ್ಟು ತೋರಿಸಿದೆ, ಏನೂ ಇಲ್ಲ ಎಂದೇ ಅಚ್ಚಾಗಿದೆ. ಗೊಣಗುತ್ತಾ ಹೋದವನು ಮಾರನೆಯ ಸಂಜೆ ಹೆಂಡತಿಯನ್ನು ಕರೆದುಕೊಂಡು ಅಲ್ಲೇ ಕೂತಿದ್ದನಂತೆ.

ನಗುತ್ತಾ ಬರೆಯುತ್ತಿದ್ದೇನೆ, ಆದರೆ ಒಳಗೊಳಗೇ ಅಳುಕು. ನಿಮ್ಮನ್ನು ಒಂದು ಮಾತು ಕೇಳದೆ ನಿಮ್ಮಿಬ್ಬರದಾಗಿದ್ದ ಒಂದೇ ಒಂದು ಜಾಗವನ್ನು ಊರಿಗೆಲ್ಲ ಹಂಚಿಬಿಟ್ಟೆ. ಅಮ್ಮ ಹೋದ ಮೇಲೆ ಹದಿನೈದು ದಿನಕ್ಕೆಂದು ಒಂದು ಕೈಚೀಲ ಹಿಡಿದು ತಮ್ಮನ ಮನೆಗೆ ಹೊರಟಿರಿ. ಅವತ್ತು ಬಸ್‌ನಿಲ್ದಾಣಕ್ಕೆ ಕಡಲ ರಸ್ತೆಯಲ್ಲಿ ಹತ್ತೇ ನಿಮಿಷ. ನೀವು ಮಾರ್ಕೆಟ್ಟಿನ ಹಿಂದಿನಿಂದ ಅರ್ಧ ಗಂಟೆ ಸುತ್ತುಹಾಕಿಕೊಂಡು ನಡೆದಿರಿ, ಆ ಮಂಡಿಯಲ್ಲಿ. ನಾನು ಪಕ್ಕದಲ್ಲೇ ಇದ್ದೆ, ಯಾಕೆಂದು ಕೇಳಲಿಲ್ಲ. ಕೇಳಬೇಕಿತ್ತು. ನೀವು ವಾಪಸು ಬರದಿರುವುದು ಮಂಡಿ ನೋವಿನಿಂದಲ್ಲ, ಉಪ್ಪುಗಾಳಿ ಆಗದು ಎಂದೂ ಅಲ್ಲ. ಆ ಮೆಟ್ಟಿಲಿನ ಹತ್ತಿರ ಅವಳಿಲ್ಲದೆ ಹಾಯಲು ನಿಮಗೆ ಆಗುತ್ತಿಲ್ಲ. ನಿಮ್ಮ ಕೋಣೆಯ ಕಿಟಕಿ ದಿನಾ ತೆಗೆಯುತ್ತೇನೆ, ಸಂಜೆ ಮುಚ್ಚುತ್ತೇನೆ. ಈ ಮನೆಯಲ್ಲಿ ಒಬ್ಬಳೇ ಇದ್ದು ಸಾಕಾಗಿದೆ ಅಪ್ಪ. ಇದನ್ನು ಫೋನಿನಲ್ಲಿ ಹೇಳಲು ನನಗೂ ಬಾಯಿ ಬರುವುದಿಲ್ಲ. ಆ ವಿಷಯದಲ್ಲಿ ನಾನು ನಿಮ್ಮ ಮಗಳೇ.

ಸಿಟ್ಟು ಬಂದಿದ್ದರೆ ಬಂದು ಬೈಯಿರಿ. ಕಾಗದದಲ್ಲಿ ಬೈದರೆ ನಾನು ಒಪ್ಪುವುದಿಲ್ಲ. ತಮ್ಮನಿಗೂ ಅವನ ಹೆಂಡತಿಗೂ ನನ್ನ ನೆನಪು ತಿಳಿಸಿ, ಮಗುವಿನ ಕೆನ್ನೆಗೊಂದು ಮುತ್ತು ಕೊಡಿ. ಧೂಳಿನಲ್ಲಿ ಹೊರಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಿಮಗೆ ನನ್ನ ನಮಸ್ಕಾರ.

ನಿಮ್ಮ ದೊಡ್ಡ ಮಗಳು

ವಿ.ಸೂ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಆ ನಾಲ್ಕನೆಯ ಕಾಲಮ್ಮಿನಲ್ಲಿ, ‘ಗಮನಿಸಿ’ಯಲ್ಲಿ, ಕೊನೆಗೆ ಇನ್ನೂ ಏನು ಬರೆದೆನೆಂದು ಮೇಲೆ ಹೇಳಲಿಲ್ಲ. ‘ಗೋಡೆ ಪಕ್ಕದ ಜಾಗ ಖಾಲಿ ಬಿಡಿ. ಅಲ್ಲಿ ಕೂರುವವರು ಊರಲ್ಲಿಲ್ಲ.’ ಸಾಹೇಬರು ಹೋದ ವಾರ ಇದನ್ನು ನೋಡಿ, ‘ಸುಳ್ಳು ಬರೆಯೋಕಾ ನಮ್ಮ ಕಾಗದ?’ ಎಂದು ರೇಗಿದರು. ಸುಳ್ಳಲ್ಲ ಸರ್, ನಿಜವಾಗಿಯೂ ಊರಲ್ಲಿಲ್ಲ ಎಂದೆ. ಮೂರು ತಿಂಗಳಾಯಿತು, ಅಪ್ಪ, ಒಬ್ಬರೂ ಅಲ್ಲಿ ಕೂತಿಲ್ಲ. ಮೊನ್ನೆ ಐವತ್ತು ಜನರ ಗುಂಪು ಬಂದಿತ್ತು. ಜಾಗ ಸಾಲದೆ ಒಬ್ಬ ಮುದುಕ ಮುಕ್ಕಾಲು ಗಂಟೆಯೂ ನಿಂತೇ ಇದ್ದ, ಗೋಡೆ ಪಕ್ಕಕ್ಕೆ ಮಾತ್ರ ಹೋಗಲಿಲ್ಲ. ಇವತ್ತು ಬೆಳಗ್ಗೆ ಅವನ ಹೆಂಡತಿ ಸಾಮಾನು ಕಟ್ಟಿಕೊಂಡು ಹೊರಟವಳು ನನ್ನ ಕಿಟಕಿಯ ಹತ್ತಿರ ನಿಂತು, ‘ಅವರು ಬಂದ್ರಾ?’ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ‘ನಾವಿವತ್ತು ಹೊರಡ್ತೀವಿ. ಬಂದಾಗ ಹೇಳಿ, ಅವರ ಜಾಗ ಹಾಗೇ ಇದೆ ಅಂತ’ ಎಂದಳು. ಹೇಳಿದ್ದೇನೆ.